ಅದೇ ಹನ್ನೆರಡು ಮಂದಿ, ಅದೇ ಕೋಣೆ

ಪ್ರಶ್ನೆ: ರಜೆಯಲ್ಲಿ ಅಪ್ಪನ ಜೊತೆ ಕೂತು ‘12 ಆಂಗ್ರಿ ಮೆನ್’ ನೋಡಿದೆ. ಮೊದಲು 1957ರ ಕಪ್ಪು-ಬಿಳುಪು ಸಿನಿಮಾ, ಮರುದಿನ 1997ರಲ್ಲಿ ಟಿವಿಗಾಗಿ ಮಾಡಿದ್ದು. “ಅಷ್ಟು ಚೆನ್ನಾಗಿರೋದನ್ನ ಮತ್ತೆ ಯಾಕೆ ಮಾಡಬೇಕಿತ್ತು?” ಅಂತ ಅಪ್ಪನ ತಕರಾರು. ನನಗೆ ಎರಡನೆಯದೇ ಜಾಸ್ತಿ ತಟ್ಟಿತು. ನನ್ನದು ತಪ್ಪಾ ಸರ್?
- ಓದುಗಿ, ಸಿಂಧನೂರು

ಉತ್ತರ: ತಪ್ಪೇನಿಲ್ಲ ತಂಗಿ. ಅಪ್ಪನಿಗೆ ಮೊದಲು ಒಂದು ವಿಷಯ ಹೇಳಿ. ಈ ಕಥೆ ಹುಟ್ಟಿದ್ದೇ ಟಿವಿಯಲ್ಲಿ. 1954ರಲ್ಲಿ ರೆಜಿನಾಲ್ಡ್ ರೋಸ್ ಇದನ್ನು ಅಮೆರಿಕದ ಸಿಬಿಎಸ್ ಚಾನೆಲ್‌ಗೆ ನಾಟಕವಾಗಿ ಬರೆದರು, ಅದು ನೇರಪ್ರಸಾರವಾಯಿತು. ಸಿಡ್ನಿ ಲುಮೆಟ್ ಸಿನಿಮಾ ಮಾಡಿದ್ದು ಆಮೇಲೆ. 1997ರಲ್ಲಿ ಕಥೆ ತವರಿಗೆ ಬಂತು ಅಷ್ಟೇ.

ನೋಡದವರಿಗೆ: ತಂದೆಯನ್ನು ಕೊಂದ ಆರೋಪ ಹೊತ್ತ ಒಬ್ಬ ಹುಡುಗ. ಹನ್ನೆರಡು ಜ್ಯೂರಿಗಳು, ಅಂದ್ರೆ ತೀರ್ಪು ಹೇಳೋಕೆ ಕೋರ್ಟು ಕೂರಿಸಿದ ಸಾಮಾನ್ಯ ಜನ, ಒಮ್ಮತದಿಂದ ತೀರ್ಪು ಕೊಡಬೇಕು. ಹನ್ನೊಂದು ಜನ ತಪ್ಪಿತಸ್ಥ ಅಂತಾರೆ, ಒಬ್ಬ ಮಾತ್ರ ಸ್ವಲ್ಪ ಮಾತಾಡೋಣ ಅಂತಾನೆ.

ವಕೀಲರಾಗಿದ್ದುಕೊಂಡೇ ರಂಗದ ಮೇಲೆ ಮೆರೆದ ಬಳ್ಳಾರಿ ರಾಘವರ ಊರು ನಮ್ಮದು. ಕೋರ್ಟಿನ ಕಥೆ ಅಂದ್ರೆ ನಮಗೆ ಸುಮ್ನೆ ಕೂರೋಕೆ ಆಗಲ್ಲ. ನಮ್ಮ ಹವ್ಯಾಸಿ ತಂಡ ಒಂದು ಏಪ್ರಿಲ್‌ನಲ್ಲಿ ಇದನ್ನು ಕನ್ನಡದಲ್ಲಿ ತಾಲೀಮು ಮಾಡಿತು. ಶಾಲೆಯ ಕೋಣೆ, ಕರೆಂಟ್ ಇಲ್ಲ. ಕಥೆಯಲ್ಲೂ ಸೆಕೆ, ಹೊರಗೆ ಬಳ್ಳಾರಿ ಬಿಸಿಲು. ಬೆವರು ನಟಿಸುವ ಕೆಲಸವೇ ಇರಲಿಲ್ಲ. ನನ್ನದು ಮೂರನೇ ಜ್ಯೂರಿಯ ಪಾತ್ರ. ತನ್ನ ಮಗನ ಮೇಲಿನ ಸಿಟ್ಟನ್ನು ಆರೋಪಿ ಹುಡುಗನ ಮೇಲೆ ತೀರಿಸಿಕೊಳ್ಳುವ ತಂದೆ. ನನಗಾಗ ಮೂವತ್ತೆರಡು. ಬರೀ ಕೂಗಾಡಿದೆ.

ಸಿನಿಮಾದಲ್ಲಿ ಆ ಪಾತ್ರ ಮಾಡಿದ ಲೀ ಜೆ. ಕಾಬ್‌ಗೆ ಐವತ್ತೂ ಆಗಿರಲಿಲ್ಲ. ಟಿವಿಯಲ್ಲಿ ಮಾಡಿದ ಜಾರ್ಜ್ ಸಿ. ಸ್ಕಾಟ್‌ಗೆ ಎಪ್ಪತ್ತರ ಹತ್ತಿರ. ಮಾತು ಬಹುಪಾಲು ಅದೇ ಇರಬಹುದು, ಹೇಳುವವನ ವಯಸ್ಸು ಬೇರೆ. ಕಾಬ್ ಸಿಟ್ಟಾದರೆ ಮುಂದೊಂದು ದಿನ ಮಗನ ಜೊತೆ ರಾಜಿಯಾಗಬಹುದು ಅನ್ನಿಸುತ್ತೆ. ಸ್ಕಾಟ್ ಸಿಟ್ಟಾದಾಗ, ಇನ್ನು ಅಷ್ಟು ವರ್ಷ ಇವನಿಗೆಲ್ಲಿವೆ ಅನ್ನಿಸಿತು. ನನಗೂ ಈಗ ಅರವತ್ತು ದಾಟಿದೆ. ನೋಡಿದ ರಾತ್ರಿಯೇ ಹೈದರಾಬಾದಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಸ್ಕಾಟ್‌ಗೆ ಈ ಪಾತ್ರಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯೂ ಬಂತು.

ಟಿವಿಯದರ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಇನ್ನೊಂದು ದೊಡ್ಡ ಬದಲಾವಣೆ ಮಾಡಿದರು. ಹಳೆಯದರಲ್ಲಿ ಹನ್ನೆರಡೂ ಜನ ಬಿಳಿಯರು. ಇಲ್ಲಿ ನಾಲ್ವರು ಕಪ್ಪು ಜನ, ನ್ಯಾಯಾಧೀಶೆ ಹೆಂಗಸು. ಹುಡುಗನ ಜನಾಂಗವನ್ನೇ ಹೀಯಾಳಿಸುವ ಹತ್ತನೇ ಜ್ಯೂರಿಯೂ ಕಪ್ಪು ಮನುಷ್ಯ. ತಾನು ಉಂಡ ಅವಮಾನವನ್ನೇ ಇನ್ನೊಬ್ಬರಿಗೆ ಬಡಿಸುತ್ತಾನಲ್ಲ, ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಆದರೆ ಅಪ್ಪನ ಮಾತಲ್ಲೂ ನ್ಯಾಯ ಇದೆ. ಲುಮೆಟ್‌ರ ಕ್ಯಾಮೆರಾ ಕೆಲಸ ಟಿವಿಯದರಲ್ಲಿ ಇಲ್ಲ. ಅವರು ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿಂದ ಚಿತ್ರೀಕರಿಸಿದರು, ಆಮೇಲೆ ಕಣ್ಣಿನ ನೇರಕ್ಕೆ, ಕೊನೆಗೆ ಕೆಳಗಿನಿಂದ. ಕೊನೆಕೊನೆಗೆ ಚಾವಣಿ ಕಾಣತೊಡಗುತ್ತೆ, ಕೋಣೆ ನಮ್ಮ ಮೇಲೇ ಇಳಿದ ಹಾಗಾಗುತ್ತೆ. ಇನ್ನೊಮ್ಮೆ ಇಬ್ಬರೂ ಕೂತು ನೋಡುವಾಗ ಆ ಚಾವಣಿ ಯಾವಾಗ ಕಾಣಿಸಿತು ಅಂತ ಅಪ್ಪನನ್ನೇ ಕೇಳಿ.