ವ್ಯಾಂಕೂವರೋ ಕ್ಯಾಲ್ಗರಿಯೋ? ನಿಮಗೆ ನಾನು ಎಡ್ಮಂಟನ್ ಅಂತೀನಿ

ನೀವು ಕೇಳಿದ್ದು ಇಷ್ಟು: ನೀವು ಬೆಂಗಳೂರಲ್ಲಿ ಸ್ಟಾಫ್ ನರ್ಸ್, ಯಜಮಾನರು ಜಾವಾ ಡೆವಲಪರ್, ಮಗಳಿಗೆ ಈ ವರ್ಷ ಐದು ತುಂಬುತ್ತದೆ. ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಅನುಮತಿ) ಕೈಗೆ ಬಂದಿದೆ. ಪಶ್ಚಿಮ ಕೆನಡಾ ಅಂತ ತೀರ್ಮಾನ ಆಗಿದೆ. ಯಜಮಾನರಿಗೆ ವ್ಯಾಂಕೂವರ್ ಆಸೆ, ನಿಮಗೆ ಕ್ಯಾಲ್ಗರಿ. ಯಾವುದಕ್ಕೆ ಹೋಗೋದು?

ನಾನು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ ಬಾಡಿಗೆಗಿದ್ದೆ, ಈಗ ಇರೋದು ಕ್ಯಾಲ್ಗರಿಯಲ್ಲಿ. ಎರಡೂ ಊರು ನನಗೆ ಇಷ್ಟ. ಆದರೂ ನೀವು ಬರೆದಿದ್ದನ್ನೆಲ್ಲ ಓದಿದ ಮೇಲೆ ಎಡ್ಮಂಟನ್ ನೋಡಿ ಅಂತಲೇ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಊರನ್ನು ತೀರ್ಮಾನ ಮಾಡಬೇಕಾದ್ದು ನಿಮ್ಮ ನರ್ಸಿಂಗ್ ರಿಜಿಸ್ಟ್ರೇಷನ್.

ಜಾವಾ ಬರೆಯೋಕೆ ಇಲ್ಲಿ ಯಾರ ಅಪ್ಪಣೆಯೂ ಬೇಡ. ನರ್ಸ್‌ಗೆ ಬೇಕು, ಅದೂ ಪ್ರಾಂತ್ಯಕ್ಕೊಂದು. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾದ ನೋಂದಣಿ ಸಂಸ್ಥೆ ಬೇರೆ, ಕ್ಯಾಲ್ಗರಿ, ಎಡ್ಮಂಟನ್ ಎರಡೂ ಇರುವ ಆಲ್ಬರ್ಟಾದ್ದು ಬೇರೆ. ದಾಖಲೆ ಪರಿಶೀಲನೆ, ಇಂಗ್ಲಿಷ್ ಮಟ್ಟ, ಎನ್‌ಕ್ಲೆಕ್ಸ್-ಆರ್‌ಎನ್ ಅನ್ನೋ ನರ್ಸ್ ಲೈಸೆನ್ಸ್ ಪರೀಕ್ಷೆ, ಇವು ಎರಡೂ ಕಡೆ ಇವೆ. ಆದರೆ ಯಾವ ಕಾಗದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದು ಒಂದೇ ಥರ ಇರುವುದಿಲ್ಲ. ಒಮ್ಮೆ ಒಂದು ಪ್ರಾಂತ್ಯದಲ್ಲಿ ಹೆಸರು ದಾಖಲಾದರೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದು ತುಂಬಾ ಸುಲಭ. ಹಾಗಾಗಿ ಎರಡೂ ಕಡೆಯ ಈಗಿನ ನಿಯಮ ಪಕ್ಕಪಕ್ಕ ಇಟ್ಟುಕೊಂಡು ಓದಿ. ನಿಮ್ಮ ಕೆಲಸ ಎಲ್ಲಿ ಬೇಗ ಆಗುತ್ತದೋ ಅಲ್ಲಿಂದ ಶುರು ಮಾಡಿ. ವ್ಯಾಂಕೂವರ್ ಎಲ್ಲಿಗೂ ಓಡಿಹೋಗಲ್ಲ.

ಎನ್‌ಕ್ಲೆಕ್ಸ್ ಭಾರತದಲ್ಲೇ ಬರೆಯಬಹುದು, ವಿಮಾನ ಹತ್ತುವ ಮೊದಲೇ ಮುಗಿಸಿ. ನೀವು ಓದಿದ ಕಾಲೇಜು, ನೋಂದಾಯಿಸಿದ ಕೌನ್ಸಿಲ್ ನೇರವಾಗಿ ಕಳಿಸಬೇಕಾದ ಕಾಗದಗಳನ್ನು ಅಲ್ಲೇ ಇರುವಾಗ ಬೆನ್ನು ಹತ್ತಿ ಕಳಿಸಿ. ಇಲ್ಲಿಂದ ಫೋನಲ್ಲಿ ಆಗೋ ಕೆಲಸ ಅಲ್ಲ ಅದು. ಬೆಂಗಳೂರಲ್ಲಿ ಆಫೀಸಿನ ಬಾಗಿಲು ತೆರೆಯೋ ಹೊತ್ತಿಗೆ ಚಳಿಗಾಲದ ಆಲ್ಬರ್ಟಾದಲ್ಲಿ ರಾತ್ರಿ ಒಂಬತ್ತೂವರೆ, ಹತ್ತು.

ಇನ್ನು ಶಿಫ್ಟ್. ಇಲ್ಲಿ ಆಸ್ಪತ್ರೆ ಅಂದರೆ ಬೆಳಿಗ್ಗೆ ಏಳಕ್ಕೆ ಶುರುವಾಗುವ ಹನ್ನೆರಡು ಗಂಟೆಯ ಶಿಫ್ಟ್ ಮಾಮೂಲು. ಹೊಸದಾಗಿ ಬಂದವರಿಗೆ ಕಾರು ಇರುವುದಿಲ್ಲ. ಆದ್ದರಿಂದ ಮನೆ ಹುಡುಕುವಾಗ ‘ಇಲ್ಲಿ ಇಂಡಿಯನ್ಸ್ ಜಾಸ್ತಿ ಇದ್ದಾರಾ’ ಅಂತ ಕೇಳೋದಕ್ಕಿಂತ, ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಮನೆ ಬಿಟ್ಟರೆ ಆಸ್ಪತ್ರೆಗೆ ಹೇಗೆ ಹೋಗ್ತೀನಿ ಅಂತ ಕೇಳಿಕೊಳ್ಳಿ. ಎಡ್ಮಂಟನ್ ಗೆಲ್ಲುವುದು ಇಲ್ಲೇ. ಅಲ್ಲಿನ ಮಿಲ್ ವುಡ್ಸ್ ಬಡಾವಣೆ ಕಡೆ ಗ್ರೇ ನನ್ಸ್ ಆಸ್ಪತ್ರೆ ಇದೆ. 2023ರ ನವೆಂಬರ್‌ನಲ್ಲಿ ಶುರುವಾದ ವ್ಯಾಲಿ ಲೈನ್ ರೈಲು ಅದರ ಪಕ್ಕವೇ ನಿಲ್ಲುತ್ತದೆ, ಡೌನ್‌ಟೌನ್‌ಗೂ ಹೋಗುತ್ತದೆ. ಯೂನಿವರ್ಸಿಟಿ ಆಸ್ಪತ್ರೆಗೆ ಇನ್ನೊಂದು ಲೈನಿನ ನಿಲ್ದಾಣ ಇದೆ. ಮಿಲ್ ವುಡ್ಸ್‌ನಲ್ಲಿ ನಮ್ಮ ಕಡೆಯ ದಿನಸಿ ಅಂಗಡಿಗಳೂ ಸಾಕಷ್ಟಿವೆ, ಸೋನಾ ಮಸೂರಿಗೆ ಪರದಾಡಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಊರಿಂದಲೇ ತನ್ನಿ.

ಕ್ಯಾಲ್ಗರಿಯಲ್ಲಿ ಪೀಟರ್ ಲೊಹೀಡ್ ಆಸ್ಪತ್ರೆಗೆ ರಂಡಲ್ ನಿಲ್ದಾಣದಿಂದ ನಡೆದು ಹೋಗಬಹುದು. ಆದರೆ ದಕ್ಷಿಣದ ತುದಿಯಲ್ಲಿರುವ ದೊಡ್ಡ ಆಸ್ಪತ್ರೆ ಸೌತ್ ಹೆಲ್ತ್ ಕ್ಯಾಂಪಸ್‌ಗೆ ರೈಲೇ ಇಲ್ಲ. ವ್ಯಾಂಕೂವರ್ ಕಡೆ ರೈಲಿನ ವಿಷಯದಲ್ಲಿ ತಕರಾರಿಲ್ಲ. ನ್ಯೂ ವೆಸ್ಟ್‌ಮಿನ್‌ಸ್ಟರ್‌ನ ರಾಯಲ್ ಕೊಲಂಬಿಯನ್ ಆಸ್ಪತ್ರೆ ಸ್ಯಾಪರ್‌ಟನ್ ನಿಲ್ದಾಣದ ಎದುರಿಗೇ ಇದೆ, ಸರ್ರೆ ಮೆಮೋರಿಯಲ್‌ಗೆ ಕಿಂಗ್ ಜಾರ್ಜ್ ನಿಲ್ದಾಣ ಹತ್ತಿರ. ಅಲ್ಲಿ ಹೊಡೆತ ಬೀಳೋದು ಬಾಡಿಗೆಯಲ್ಲಿ. ಕೇಂದ್ರದ ವಸತಿ ಸಂಸ್ಥೆ ಸಿಎಂಎಚ್‌ಸಿಯ 2023ರ ಅಕ್ಟೋಬರ್ ಲೆಕ್ಕದಲ್ಲಿ ಎರಡು ಬೆಡ್‌ರೂಮಿನ ಸರಾಸರಿ ಬಾಡಿಗೆ ವ್ಯಾಂಕೂವರ್ ಭಾಗದಲ್ಲಿ 2,181 ಡಾಲರ್, ಕ್ಯಾಲ್ಗರಿಯಲ್ಲಿ 1,695, ಎಡ್ಮಂಟನ್‌ನಲ್ಲಿ 1,398. ಇದರಲ್ಲಿ ವರ್ಷಗಟ್ಟಲೆ ಅಲ್ಲೇ ಇರುವ ಹಳೇ ಬಾಡಿಗೆದಾರರೂ ಸೇರಿದ್ದಾರೆ, ಹೊಸಬರಿಗೆ ಇಷ್ಟಕ್ಕೆ ಸಿಗಲ್ಲ. ಊರೂರಿಗೆ ಇರೋ ಅಂತರ ಮಾತ್ರ ಗಮನಿಸಿ.

ಬಾಡಿಗೆ ನಿಯಮವೂ ಬೇರೆ ಬೇರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಒಳಗಿರುವವರ ಬಾಡಿಗೆ ಏರಿಸೋಕೆ ಸರ್ಕಾರ ಮಿತಿ ಹಾಕುತ್ತದೆ, 2025ಕ್ಕೆ ಅದು 3% ಇತ್ತು. ಅಡ್ವಾನ್ಸ್ ಅರ್ಧ ತಿಂಗಳದ್ದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಆಲ್ಬರ್ಟಾದಲ್ಲಿ ಒಂದು ತಿಂಗಳದ್ದು ಕೇಳಬಹುದು, ಬಾಡಿಗೆ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ಏರಿಸಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಎರಡೂ ಸ್ವರ್ಗವೇ ಅನ್ನಿ. ಆಲ್ಬರ್ಟಾದಲ್ಲಿ ಪ್ರಾಂತ್ಯದ ಮಾರಾಟ ತೆರಿಗೆ ಇಲ್ಲ, ಬಿಲ್ ಮೇಲೆ ಕೇಂದ್ರದ 5% ಅಷ್ಟೇ. ಬ್ರಿಟಿಷ್ ಕೊಲಂಬಿಯಾದಲ್ಲಿ ಅದರ ಮೇಲೆ ಇನ್ನೊಂದು 7% ಬೀಳುತ್ತದೆ. ಇದನ್ನು ನೋಡಿ ಹಿಗ್ಗಬೇಡಿ. ಕಾರಿನ ವಿಮೆ ಆಲ್ಬರ್ಟಾದಲ್ಲಿ ಖಾಸಗಿಯವರ ಕೈಯಲ್ಲಿದೆ, ಹೊಸಬರನ್ನು ಅವರು ಚೆನ್ನಾಗಿ ಹಿಂಡುತ್ತಾರೆ. ಕರೆಂಟ್ ಬಿಲ್ಲಿನಲ್ಲಿ ಸಾಗಣೆ ಶುಲ್ಕವೇ ಎಷ್ಟೋ ತಿಂಗಳು ಕರೆಂಟಿಗಿಂತ ಜಾಸ್ತಿ ಇರುತ್ತದೆ.

ಈಗ ಹವಾಮಾನ. ಎಲ್ಲರೂ ಚಳಿ ಚಳಿ ಅಂತ ಹೆದರಿಸುತ್ತಾರೆ. ನನ್ನನ್ನು ಕೇಳಿದರೆ ಆರಿಸಬೇಕಾದ್ದು ಒದ್ದೆಯೋ ಒಣವೋ ಅನ್ನೋದನ್ನ. ಸರ್ರೆಯ ಬೇಸ್‌ಮೆಂಟಿನಲ್ಲಿ ನವೆಂಬರ್‌ನಿಂದ ಫೆಬ್ರವರಿ ತನಕ ಕಿಟಕಿ ಗಾಜು ಬೆವರುತ್ತಿತ್ತು. ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು. ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು. ಗಾಳಿಯ ತೇವ ಹೀರುವ ಯಂತ್ರದ ಡಬ್ಬಿ ತುಂಬಿತು ಅಂತ ದಿನಾ ಖಾಲಿ ಮಾಡಬೇಕಿತ್ತು. ಕ್ಯಾಲ್ಗರಿಯಲ್ಲಿ ನಮ್ಮ ಕೋಣೆಯ ಮೂಲೆಯಲ್ಲಿ ತೇವ ಬಿಡುವ ಯಂತ್ರ ಇದೆ, ದಿನಾ ಅದಕ್ಕೆ ನೀರು ತುಂಬಬೇಕು. ತುಂಬದಿದ್ದರೆ ಮಗನ ಮೂಗಲ್ಲಿ ರಕ್ತ, ನಮ್ಮ ತುಟಿ ಸೀಳು, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್. ಮಲೆನಾಡಿನವರಿಗೆ ವ್ಯಾಂಕೂವರ್ ಮಳೆ ಹೊಸದಲ್ಲ, ಆದರೆ ಮಲೆನಾಡಲ್ಲಿ ಮಳೆ ಸುರಿಯುತ್ತದೆ, ವ್ಯಾಂಕೂವರಲ್ಲಿ ಸುಮ್ನೆ ಜಿನುಗುತ್ತಾ ಕೂತಿರುತ್ತದೆ. ನನ್ನ ಹೆಂಡತಿ ಅದಕ್ಕೇ ಬೇಸತ್ತಳು. ಮೈನಸ್ ಇಪ್ಪತ್ತರಲ್ಲೂ ಕಣ್ಣು ಕುಕ್ಕುವ ಬಿಸಿಲಿದ್ದರೆ ಸಾಕು ಅನ್ನುವ ಜಾತಿ ಅವಳು.

ಕ್ಯಾಲ್ಗರಿಗೆ ಚಿನೂಕ್ ಅನ್ನೋ ಬಿಸಿಗಾಳಿಯ ವರ ಇದೆ. ರಾಕಿ ಬೆಟ್ಟ ಇಳಿದು ಬರುತ್ತದೆ, ಬೆಳಿಗ್ಗೆ ಹೆಪ್ಪುಗಟ್ಟಿದ್ದ ಬೀದಿಯಲ್ಲಿ ಮಧ್ಯಾಹ್ನ ನೀರು ಹರಿಯುತ್ತದೆ. ಕೆಲವರಿಗೆ ತಲೆನೋವೂ ಬರುತ್ತದೆ. ಎಡ್ಮಂಟನ್‌ಗೆ ಆ ಭಾಗ್ಯ ಕಡಿಮೆ. ಅಲ್ಲಿ ಕಾರಿನ ಮೂತಿಯಿಂದ ವಯರು ನೇತಾಡುತ್ತಿರುತ್ತದೆ, ರಾತ್ರಿ ಎಂಜಿನ್ ಬೆಚ್ಚಗಿಡೋಕೆ ಪ್ಲಗ್ಗಿಗೆ ಹಾಕುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹಗಲು ಇರೋದೇ ಏಳೂವರೆ ಗಂಟೆ. 2024ರ ಜನವರಿಯ ಚಳಿಗೆ ಆಲ್ಬರ್ಟಾದ ಕರೆಂಟೇ ಸಾಲದಾಗಿ, ಒಂದು ಸಂಜೆ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿಕೊಂಡವು: ಬೇಡದ ಲೈಟು ಆರಿಸಿ ಅಂತ. ಇದನ್ನು ಮುಚ್ಚಿಟ್ಟು ಎಡ್ಮಂಟನ್‌ಗೆ ಕಳಿಸಿದರೆ ನೀವು ನನಗೆ ಶಾಪ ಹಾಕುತ್ತೀರಿ. ಆದರೆ ನಿಲ್ದಾಣದಿಂದ ಆಸ್ಪತ್ರೆ ಬಾಗಿಲಿಗೆ ನಾಲ್ಕು ಹೆಜ್ಜೆ ಇದ್ದರೆ ಈ ಚಳಿ ತಡೆಯಬಹುದು. ಬಸ್ ಸ್ಟಾಪಿನಲ್ಲಿ ನಿಲ್ಲಬೇಕಾದರೆ ಕಷ್ಟ.

ಮಗಳ ವಿಷಯದಲ್ಲಿ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಐದು ತುಂಬುವ ವರ್ಷ ಕಿಂಡರ್‌ಗಾರ್ಟನ್. ಬ್ರಿಟಿಷ್ ಕೊಲಂಬಿಯಾದಲ್ಲಿ ಅದು ಇಡೀ ದಿನ, ಆಲ್ಬರ್ಟಾದ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಅರ್ಧ ದಿನ. ಉಳಿದರ್ಧಕ್ಕೆ ಡೇಕೇರ್ ಬೇಕು. ಏಳರ ಶಿಫ್ಟಿಗೆ ಹೋಗುವವರು ಮಗುವನ್ನು ಬಿಡೋಕೆ ಆಗಲ್ಲ ಅಲ್ವಾ? ಆ ಒಂದು ವರ್ಷ ಬಿಡೋದು, ಕರೆತರೋದು ಯಜಮಾನರ ಪಾಲು. ಅವರು ಮನೆಯಿಂದ ಕೆಲಸ ಮಾಡಲು ಬಿಡುವ ಕಂಪನಿ ಹುಡುಕಲಿ. ಎಡ್ಮಂಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ವ್ಯಾಂಕೂವರ್‌ಗಿಂತ ಕಡಿಮೆ, ನಿಜ. ಅದಕ್ಕೂ ಇದೇ ದಾರಿ.

ಆರೋಗ್ಯ ವಿಮೆಯಲ್ಲೂ ವ್ಯತ್ಯಾಸ ಇದೆ. ಪಿಆರ್ ಆಗಿ ಹೊರದೇಶದಿಂದ ನೇರ ಆಲ್ಬರ್ಟಾಕ್ಕೆ ಬಂದು ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಬಂದ ದಿನದಿಂದಲೇ ಸರ್ಕಾರಿ ವಿಮೆ ಲೆಕ್ಕಕ್ಕೆ ಬರುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳ ಜತೆ ಇನ್ನೆರಡು ತಿಂಗಳು ಕಾಯಬೇಕು. ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿಯೇ ಹೊರಡಿ.

ಉಳಿದ ಊರುಗಳ ಬಗ್ಗೆ ಜಾಸ್ತಿ ಹೇಳಲ್ಲ. ವಿಕ್ಟೋರಿಯಾ ಚಂದ, ಮಳೆಯೂ ಕಡಿಮೆ, ಆದರೆ ದ್ವೀಪದಲ್ಲಿದೆ. ವ್ಯಾಂಕೂವರ್ ಕಡೆ ಬರಬೇಕಾದರೆ ಹಡಗಲ್ಲೇ ಒಂದೂವರೆ ಗಂಟೆ. ಕೆಲೋನಾದಲ್ಲಿ ಕೆರೆ, ದ್ರಾಕ್ಷಿ ತೋಟ ಎಲ್ಲ ಇದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆಯೂ ಇದೆ. 2023ರ ಆಗಸ್ಟ್‌ನಲ್ಲಿ ಬೆಂಕಿ ಊರಿನ ತನಕ ಬಂದು ಸಾವಿರಾರು ಜನ ಮನೆ ಬಿಟ್ಟರು. ಕ್ಯಾಲ್ಗರಿ ಈಶಾನ್ಯದಲ್ಲಿ ಮನೆ ಕೊಳ್ಳುವ ಯೋಚನೆ ಮುಂದೆ ಬಂದರೆ ಆಲಿಕಲ್ಲಿನ ಬಗ್ಗೆ ವಿಚಾರಿಸಿ. 2020ರ ಜೂನ್ ಮತ್ತು 2024ರ ಆಗಸ್ಟ್‌ನಲ್ಲಿ ಬಿದ್ದ ಕಲ್ಲು ಆ ಭಾಗದ ಗೋಡೆಯ ಹೊದಿಕೆಗಳನ್ನು ಜರಡಿ ಮಾಡಿತ್ತು.

ಕೊನೆಗೆ ಅಡುಗೆಮನೆ. ಎಲ್ಲೇ ಮನೆ ನೋಡಿದರೂ ಒಲೆ ಮೇಲಿನ ಫ್ಯಾನು ಹಾಕಿಸಿ, ಯಜಮಾನರನ್ನು ಹೊರಗೆ ಕಳಿಸಿ, ಹೊಗೆ ಹೊರಹೋಗುವ ಗೋಡೆಯ ಮುಚ್ಚಳ ತೆರೆದುಕೊಂಡಿತಾ ನೋಡಿಸಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಆ ಫ್ಯಾನು ಹೊಗೆಯನ್ನು ಹೀರಿ ವಾಪಸ್ ನಮ್ಮ ಮುಖಕ್ಕೇ ಊದುತ್ತದೆ. ಅಂಥ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ತಕ್ಷಣ ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ, ಮೇಲಿನ ಮನೆಯವರು ಕೆಳಗಿಳಿದು ಬರುತ್ತಾರೆ. ಬೆಂಗಳೂರಿಂದಲೇ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಮೊದಲ ತಿಂಗಳಿಗೆ ತಾತ್ಕಾಲಿಕ ಜಾಗ ಹಿಡಿದು, ಕಣ್ಣಾರೆ ನೋಡಿ ಆರಿಸಿ.

ನಿಮ್ಮ ನೋಂದಣಿ ಕಾಗದ ಈಗ ಯಾವ ಹಂತದಲ್ಲಿದೆ ಅಂತ ಕೆಳಗೆ ಬರೆಯಿರಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಈಗಾಗಲೇ ಅರ್ಧ ದಾರಿ ಬಂದಿದ್ದರೆ ನಾನು ಎಡ್ಮಂಟನ್ ಮಾತು ವಾಪಸ್ ತಗೊಂಡು ನ್ಯೂ ವೆಸ್ಟ್‌ಮಿನ್‌ಸ್ಟರ್ ನೋಡಿ ಅಂತೀನಿ.