ಎಡಗೈಲಿ ಊಟ, ಬಲಗೈಲಿ ಮೌಸ್

ಹೆಸರು, ವಯಸ್ಸು, ಕೆಲಸದ ವಿವರ ಎಲ್ಲ ಸ್ವಲ್ಪ ಸ್ವಲ್ಪ ಬದಲಾಯಿಸಿದೀನಿ, ಬರೀಲಾ ಅಂತ ಅವರನ್ನ ಕೇಳೇ ಬರೀತಿರೋದು. ಕಿರಣ್ ಅಂತ ಇಟ್ಕೊಳ್ಳಿ. ಕೊಡಗಿನ ಸಿದ್ದಾಪುರದ ಕಡೆ ಮನೆ, ವಯಸ್ಸು ಮೂವತ್ತರ ಹತ್ರ, ಬೆಂಗಳೂರಿನ ಒಂದು ಕಂಪನಿಗೆ ಕೋಡ್ ಬರೀತಾರೆ, ಕೋವಿಡ್ ಟೈಮಲ್ಲಿ ಊರಿಗೆ ಬಂದವರು ವಾಪಸ್ ಹೋಗ್ಲೇ ಇಲ್ಲ.

ಜುಲೈನಲ್ಲಿ, ಮಳೆ ಬಿಡದೆ ಹಿಡಿದಿದ್ದಾಗ, ಮಡಿಕೇರಿಗೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ರು. ನಿದ್ದೆ ಬರ್ತಿಲ್ಲ ಮೇಡಂ, ಜೊತೆಗೆ ಬಲಗೈ ಮಣಿಕಟ್ಟು ನೋವು ಅಂದ್ರು. ಟೈಪಿಂಗ್ ಜಾಸ್ತಿ ಇರ್ಬೇಕು ಅನ್ಕೊಂಡೆ ನಾನು. ಅರ್ಧ ಗಂಟೆ ಮಾತಾಡಿದ್ಮೇಲೆ ಗೊತ್ತಾಯ್ತು, ಊಟ ಮಾಡುವಾಗ್ಲೂ ಬಲಗೈಲಿ ಮೌಸ್ ಅಲ್ಲಾಡಿಸ್ತಾ ಎಡಗೈಲಿ ಸ್ಪೂನ್ ಹಿಡಿದು ಉಣ್ತಿದ್ದಾರೆ, "ಎಡಗೈಲಿ ಉಣ್ಣೋ ಅಂಥದ್ದು ಏನ್ ಬಂತೋ ನಿಂಗೆ" ಅಂತ ಅಮ್ಮ ಅತ್ತಿದ್ದಾರೆ, ಇವರು ಅಮ್ಮನ ಮೇಲೆ ರೇಗಿದ್ದಾರೆ.

ಆಗಿದ್ದು ಇಷ್ಟು. ಮೇ ಕೊನೇಲಿ ಕಂಪನಿಯಿಂದ ಮೇಲ್ ಬಂತು, ಸೋಮವಾರದೊಳಗೆ ಎಲ್ಲ ಡೆವಲಪರ್‌ಗಳೂ ಲ್ಯಾಪ್‌ಟಾಪ್‌ಗೆ ಈ ಮಾನಿಟರಿಂಗ್ ಟೂಲ್ ಹಾಕ್ಕೊಳ್ಳಿ ಅಂತ. ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ರೆಕಾರ್ಡಿಂಗ್‌ಗೆ ಪರ್ಮಿಶನ್ ಕೇಳ್ತು, ಕೊಟ್ರು. ಆಗಾಗ ಸ್ಕ್ರೀನ್‌ಶಾಟ್ ತೆಗೆಯತ್ತೆ, ಕೀಬೋರ್ಡು ಮೌಸು ಎಷ್ಟು ಆಡಿದೆ ನೋಡಿ ಪರ್ಸೆಂಟೇಜ್ ಕೊಡತ್ತೆ. ಒಂದಿನ ಕಷ್ಟದ ಬಗ್ (ಕೋಡಲ್ಲಿರೋ ತಪ್ಪು) ಒಂದನ್ನ ಮೂರು ಗಂಟೆ ಪೇಪರ್ ಪೆನ್ ಹಿಡಿದು ಯೋಚನೆ ಮಾಡಿ ಬಿಡಿಸಿದ್ರಂತೆ, ಅವತ್ತು 41 ಬಂತು. ಮಾರನೇ ದಿನ ಸುಮ್ನೆ ಯಾವ್ಯಾವ್ದೋ ಫೈಲ್ ತೆಗೆದು ಮುಚ್ಚಿದ್ದಕ್ಕೆ 88. ಅಲ್ಲಿಂದ ಶುರು. ನೀರು ಕುಡಿಯೋದು ಕಮ್ಮಿ ಮಾಡಿದ್ರು, ಎದ್ದು ಹೋಗ್ಬೇಕಾಗತ್ತಲ್ಲ ಅಂತ. ಕರೆಂಟ್ ಹೋಗಿ ನೆಟ್ ಬಿದ್ರೆ ಎದೆ ಡವಡವ, ಮಳೆಗಾಲದ ಕೊಡಗಲ್ಲಿ ಅದು ದಿನಕ್ಕೆಷ್ಟು ಸಲ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ.

ಎರಡನೇ ಸೆಷನ್‌ಗೆ ರಸ್ತೆ ಮೇಲೆ ಮರ ಬಿದ್ದಿತ್ತು, ವಿಡಿಯೋ ಕಾಲ್ ಮಾಡೋಣ ಅಂದೆ. ಹತ್ತು ನಿಮಿಷ ಮಾತಾಡಿದ್ಮೇಲೆ ನಂಗೆ ಹೊಳೀತು, ಯಾವುದ್ರಲ್ಲಿ ಮಾತಾಡ್ತಿದೀರಿ ಅಂತ ಕೇಳಿದೆ. ಆಫೀಸ್ ಲ್ಯಾಪ್‌ಟಾಪ್! ಟೂಲ್ ಆನ್! ಅಂದ್ರೆ ಕೌನ್ಸೆಲರ್ ಮುಖ, ಕಾಲ್‌ನ ಹೆಸರು ಎಲ್ಲ ಅವರ ಮ್ಯಾನೇಜರ್ ನೋಡೋ ಫೋಟೋದಲ್ಲಿ ಬಂದಿರ್ಬಹುದು. ತಪ್ಪು ನಂದೇ, ಮೊದಲೇ ಕೇಳ್ಬೇಕಿತ್ತು, ಈಗ ಯಾರೇ ಆನ್‌ಲೈನ್ ಅಂದ್ರೂ ಮೊದಲು ಅದನ್ನೇ ಕೇಳ್ತೀನಿ. ಕಟ್ ಮಾಡಿ ಅವರ ಸ್ವಂತ ಫೋನ್‌ಗೆ ಮಾಡಿದ್ವಿ. ಅವತ್ತೇ ಹೇಳಿದ್ದು, ನೆಟ್‌ಬ್ಯಾಂಕಿಂಗು, ವಾಟ್ಸಾಪು, ತಂಗಿ ಮದುವೆ ಫೋಟೋ ಎಲ್ಲ ಆ ಲ್ಯಾಪ್‌ಟಾಪಿಂದ ಇವತ್ತೇ ಆಚೆ ತೆಗೀರಿ, ಅದು ಕಂಪನಿದು, ನಿಮ್ದಲ್ಲ.

ಮೌಸನ್ನ ತಾನೇ ಅಲ್ಲಾಡಿಸೋ ಜಿಗ್ಲರ್ ಅಂತ ಬರತ್ತಲ್ಲ, ಅದನ್ನೂ ತರಿಸಿಟ್ಟಿದ್ರು. ಅದು ಬೇಡ್ವೇ ಬೇಡ ಅಂದೆ. 2024ರಲ್ಲಿ ಅಮೆರಿಕದ ಒಂದು ದೊಡ್ಡ ಬ್ಯಾಂಕು, ಕೀಬೋರ್ಡ್ ಆಡಿದ ಹಾಗೆ ತೋರಿಸಿದ್ರು ಅಂತ ಹತ್ತು ಹನ್ನೆರಡಕ್ಕಿಂತ ಜಾಸ್ತಿ ಜನರನ್ನ ತೆಗೆದುಹಾಕ್ತು. ಅದಕ್ಕಿಂತ ಮುಖ್ಯ, ಈಗ ಇರೋ ಭಯದ ಮೇಲೆ ಸಿಕ್ಕಿಬೀಳೋ ಭಯ ಇನ್ನೊಂದು ಯಾಕೆ.

"ಕಾನೂನು ಇಲ್ವಾ ಮೇಡಂ?" ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆದ್ರೆ 2023ರ ಡೇಟಾ ರಕ್ಷಣೆ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ಅಂದ್ರೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸೋಕೆ ಕಂಪನಿಗೆ ಜಾಗ ಕೊಟ್ಟಿದೆ, ಅದಕ್ಕೆ ಕಾನೂನು ಹಿಡ್ಕೊಂಡು ಜಗಳಕ್ಕೆ ಹೋಗೋ ಮೊದಲು ಲಾಯರ್ ಕೇಳಿ, ನಾನು ಲಾಯರ್ ಅಲ್ಲ ಅಂದೆ. ಬದಲಿಗೆ ಇಬ್ಬರೂ ಕೂತು ಒಂದು ಸಣ್ಣ ಮೇಲ್ ಬರೆದ್ವಿ, ಜಗಳದ ದನಿ ಇಲ್ದೆ. ಏನೇನು ರೆಕಾರ್ಡ್ ಆಗತ್ತೆ, ಯಾರು ನೋಡ್ತಾರೆ, ಎಷ್ಟು ದಿನ ಇಡ್ತೀರಿ, ಕೆಲಸ ಮುಗಿದ್ಮೇಲೆ ಆಫ್ ಮಾಡ್ಬಹುದಾ, ನೆಟ್ ಹೋದ್ರೆ ಹೇಗೆ ಲೆಕ್ಕ.

ಒಂಬತ್ತು ದಿನ ಉತ್ತರ ಇಲ್ಲ. ಆ ಒಂಬತ್ತು ದಿನದಲ್ಲಿ ಕೆಲಸ ಮಾಡಿದ್ದು ನಾನಲ್ಲ, ಅವರ ಅಪ್ಪ. ಅಪ್ಪ ಒಂದು ಎಸ್ಟೇಟಲ್ಲಿ ರೈಟರ್ ಆಗಿದ್ದವರು, ಹಾಜರಿ ಬರೆಯೋದು, ಸಂಜೆ ಕೊಯ್ದ ಕಾಫಿ ತೂಕ ಮಾಡೋದು. ನಿಮ್ಮಪ್ಪನ ಹತ್ರ ಯಾಕೆ ಇದನ್ನ ಹೇಳ್ಬಾರ್ದು ಅಂದಿದ್ದೆ. ಹೇಳಿದ್ದಕ್ಕೆ ಅಪ್ಪ ನಕ್ರಂತೆ, "ಕೊಯ್ಲಲ್ಲಿ ನಾನು ಚೀಲದ ತೂಕ ಬರ್ಕೊಳ್ತಿದ್ದೆ, ಯಾರ ಕೈ ಎಷ್ಟು ಆಡ್ತು ಅಂತ ಬರೀಲಿಲ್ಲ. ಮರಗಸಿಗೆ, ಅದೇ ನೆರಳಿನ ಮರದ ಕೊಂಬೆ ಕಡಿಯೋದಕ್ಕೆ, ಮಾತ್ರ ದಿನದ ಲೆಕ್ಕ, ಅಲ್ಲಿ ಮೇಸ್ತ್ರಿ ನಿಂತು ನೋಡ್ತಿದ್ದ, ಅದೂ ಸರಿನೇ. ನಿನ್ನ ಕೆಲಸ ಯಾವ ಥರದ್ದು ಅಂತ ಅವರಿಗೆ ಹೇಳಿದೀಯಾ?" ಹೇಳಿರ್ಲಿಲ್ಲ. ಅವತ್ತಿಂದ ಪ್ರತಿ ಶುಕ್ರವಾರ ಟೀಮ್ ಲೀಡ್‌ಗೆ ಐದಾರು ಸಾಲು ಬರೀತಾರೆ, ಏನು ಮುಗೀತು, ಯಾವುದಕ್ಕೆ ಪೇಪರ್ ಮೇಲೆ ಎಷ್ಟು ಹೊತ್ತು ಹೋಯ್ತು ಅಂತ. ಇಂಥ ಐಡಿಯಾ ನನ್ನ ಯಾವ ಟ್ರೈನಿಂಗಲ್ಲೂ ಬಂದಿರ್ಲಿಲ್ಲ.

ನಾನು ಕೊಟ್ಟಿದ್ದು ಚಿಕ್ಕ ಚಿಕ್ಕದು. ಪರ್ಸೆಂಟೇಜ್ ವಾರಕ್ಕೊಂದೇ ಸಲ ನೋಡೋದು, ಗಂಟೆಗೊಮ್ಮೆ ಎದ್ದು ಕಣದ ತನಕ ಹೋಗಿ ಬರೋದು, ಊಟ ಲ್ಯಾಪ್‌ಟಾಪ್ ಇಲ್ಲದ ಕೋಣೇಲಿ, ಬಲಗೈಲಿ. ಎರಡು ವಾರದಲ್ಲಿ ನಿದ್ದೆ ಸರಿಯಾಗ್ದಿದ್ರೆ ಮನೋವೈದ್ಯರನ್ನ ನೋಡ್ಲೇಬೇಕು, ರಾತ್ರಿ ತೀರಾ ತಡೀಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಬರೆದುಕೊಟ್ಟೆ.

ಹತ್ತನೇ ದಿನ ಉತ್ತರ ಬಂತು. ಟೂಲಿನ ಟೈಮರ್ ಆನ್ ಇದ್ದಾಗ ಮಾತ್ರ ರೆಕಾರ್ಡು, ನೆಟ್ ಹೋದ್ರೂ ಟೂಲ್ ತನ್ನೊಳಗೇ ಇಟ್ಕೊಂಡು ಆಮೇಲೆ ಕಳಿಸತ್ತೆ. ಅಂದ್ರೆ ಎರಡು ತಿಂಗಳು ಕರೆಂಟ್ ಹೋದಾಗೆಲ್ಲ ಹೆದರಿದ್ದು ಸುಮ್ನೆ. ಸ್ಕ್ರೀನ್‌ಶಾಟ್ ನಿಲ್ಲಿಸಲ್ಲ ಅಂದ್ರು, ಅದು ಹಾಗೇ ಇದೆ, ಕಿರಣ್‌ಗೆ ಈಗ್ಲೂ ಅದರ ಮೇಲೆ ಸಿಟ್ಟಿದೆ, ಬೇರೆ ಕೆಲಸಾನೂ ಹುಡುಕ್ತಿದ್ದಾರೆ.

ಕೊನೇ ಸೆಷನ್ ಬುಕ್ ಮಾಡೋಕೆ ಫೋನ್ ಮಾಡಿದ್ರು, ಸ್ವಂತ ಫೋನಿಂದಾನೇ. "ಮಧ್ಯಾಹ್ನ ಒಂದಕ್ಕೆ ಆಗತ್ತಾ ಮೇಡಂ, ಊಟದ ಬ್ರೇಕ್ ಅಂತ ಹಾಕ್ಕೊಳ್ತೀನಿ." ಊಟದ ಬ್ರೇಕಲ್ಲಿ ಊಟ ಮಾಡಿ, ನಾನು ಸಂಜೆ ಆರಕ್ಕೆ ಇರ್ತೀನಿ ಅಂದೆ.