ಬೇಬಿಸಿಯಾ ಪರಾವಲಂಬಿಯು ದನದ ರಕ್ತದಲ್ಲಿ ದೀರ್ಘಕಾಲ ಉಳಿಯುವುದು ಹೇಗೆ?

ಉಣ್ಣಿಗಳಿಂದ ಹರಡುವ ಬೇಬಿಸಿಯಾ ಬೋವಿಸ್ ಎಂಬ ಪರಾವಲಂಬಿಯು ತನ್ನ ಗುರುತನ್ನು ಆಗಾಗ ಬದಲಿಸಿಕೊಳ್ಳುವುದರಿಂದ ದನದ ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳುತ್ತದೆ.

ಅದು ಕೆಂಪು ರಕ್ತಕಣದೊಳಗೆ ಅಡಗಿದ್ದರೂ ಆ ಕಣದ ಹೊರಮೈಯಲ್ಲಿ ‘ವೆಸಾ1’ ಎಂಬ ತನ್ನದೇ ಪ್ರೋಟೀನನ್ನು ಇರಿಸುತ್ತದೆ. ಈ ಪ್ರೋಟೀನು ರಕ್ತಕಣವನ್ನು ಸೂಕ್ಷ್ಮ ರಕ್ತನಾಳದ ಗೋಡೆಗೆ ಅಂಟಿಸುವುದರಿಂದ, ಹಾಳಾದ ಕಣಗಳನ್ನು ಸೋಸಿ ತೆಗೆಯುವ ಗುಲ್ಮ (ಸ್ಪ್ಲೀನ್) ಎಂಬ ಅಂಗದ ಮೂಲಕ ಅದು ಹಾದುಹೋಗುವುದು ತಪ್ಪುತ್ತದೆ. ಆದರೆ ಹೊರಗೆ ಕಾಣುವ ಈ ಪ್ರೋಟೀನನ್ನೇ ರೋಗನಿರೋಧಕ ವ್ಯವಸ್ಥೆಯ ಪ್ರತಿಕಾಯಗಳೂ ಗುರುತು ಹಿಡಿಯುತ್ತವೆ.

ಪಾರಾಗುವ ಉಪಾಯವಿರುವುದು ವಂಶವಾಹಿಗಳ ನಿಯಂತ್ರಣದಲ್ಲಿ. 2007ರಲ್ಲಿ ಪ್ರಕಟವಾದ ಪರಾವಲಂಬಿಯ ಜೀನೋಮಿನಲ್ಲಿ, ಅಂದರೆ ಅದರ ಸಮಗ್ರ ಆನುವಂಶಿಕ ಮಾಹಿತಿಯಲ್ಲಿ, ಈ ಪ್ರೋಟೀನಿನ ಕುಟುಂಬಕ್ಕೆ ಸೇರಿದ 100ಕ್ಕೂ ಹೆಚ್ಚು ವಂಶವಾಹಿಗಳು ಕಂಡುಬಂದವು. ಒಂದು ಹೊತ್ತಿಗೆ ಸಾಮಾನ್ಯವಾಗಿ ಈ ವಂಶವಾಹಿಗಳಿರುವ ಒಂದು ತಾಣ ಮಾತ್ರ ಸಕ್ರಿಯವಾಗಿದ್ದು, ಉಳಿದವು ಸುಪ್ತವಾಗಿರುತ್ತವೆ. ಸುಪ್ತ ವಂಶವಾಹಿಗಳ ಸಣ್ಣ ತುಣುಕುಗಳು ನಕಲಾಗಿ ಸಕ್ರಿಯ ವಂಶವಾಹಿಯಲ್ಲಿ ತೇಪೆಯಂತೆ ಕೂರುತ್ತವೆ. ಇದಕ್ಕೆ ಜೀನ್ ಪರಿವರ್ತನೆ ಎಂದು ಹೆಸರು. ಪ್ರತಿ ತೇಪೆಯಿಂದಲೂ ಪ್ರೋಟೀನಿನ ರೂಪ ಕೊಂಚ ಬದಲಾಗಿ, ಹಳೆಯ ಪ್ರತಿಕಾಯಕ್ಕೆ ಗುರುತು ಸಿಗದಂತಾಗುತ್ತದೆ.

ಪರಾವಲಂಬಿಯು ಇದನ್ನು ಯೋಚಿಸಿ ಮಾಡುವುದೇನಲ್ಲ. ಬದಲಾವಣೆಗಳು ಯಾದೃಚ್ಛಿಕವಾಗಿ ಆಗುತ್ತಲೇ ಇರುತ್ತವೆ. ಪ್ರತಿಕಾಯಗಳು ಹಳೆಯ ರೂಪದವನ್ನು ಕೊಂದಾಗ ಹೊಸ ರೂಪದವು ಉಳಿದು ವೃದ್ಧಿಯಾಗುತ್ತವೆ.